ಗೋಡೆಯಾಚೆಯ ಸಾಣೆಕಲ್ಲು

ಫೆಬ್ರವರಿ 24, ಸೋಮವಾರ

ಮೊನ್ನೆ ಶನಿವಾರ, ಫೆಬ್ರವರಿ ಇಪ್ಪತ್ತೆರಡರ ಬೆಳಿಗ್ಗೆ, ನಮ್ಮ ಚರ್ಚಿನ ಹಿಂದಿನ ಗೋಡೆಯಾಚೆಗಿರುವ ಜಾಗದಿಂದ ಹನ್ನೆರಡು ಕಲ್ಲುಗಳನ್ನು ಕಿತ್ತು ತೆಗೆದಿದ್ದಾರೆ. ಕಿತ್ತವರು ಕಳ್ಳರಲ್ಲ, ಹೊರಗಿನವರಲ್ಲ, ನಗರಸಭೆಯ ಬುಲ್ಡೋಜರೂ ಅಲ್ಲ. ನಮ್ಮದೇ ಸಭೆಯವರು, ಹಾಡು ಹೇಳುತ್ತಾ ಕಿತ್ತಿದ್ದಾರೆ. ಹಾಗೇನೂ ಆಗಲೇ ಇಲ್ಲ ಎಂದು ನಾಳೆ ಯಾರಾದರೂ ಅಂದಾರು ಎಂದು ದಿನಾಂಕ ಸಮೇತ ಬರೆದಿಡುತ್ತಿದ್ದೇನೆ. ಈ ಊರಿಗೆ ಮರೆವಿನ ವರವಿದೆ. ನನಗಿಲ್ಲ.

ಹೊಸ ಪಾಸ್ಟರ್ ಬಂದ ಮೇಲೆ ಸಭೆಯಲ್ಲಿ 'ನೆಲ ಬಿಡಿಸುವ ಪ್ರಾರ್ಥನೆ' ಎಂಬ ಗುಂಪೊಂದು ಹುಟ್ಟಿದೆ. ಇವರು ಊರಿನ ನಕ್ಷೆ ಹರಡಿಕೊಂಡು ಎಲ್ಲಿ ಶಾಪವಿದೆ, ಎಲ್ಲಿ ಬಂಧನವಿದೆ, ಉಜ್ಜೀವನಕ್ಕೆ ಅಡ್ಡಿ ಎಲ್ಲಿದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಆ ಜಾಗಕ್ಕೆ ಹೋಗಿ ಏಳು ಸುತ್ತು ನಡೆದು, ಕೊಂಬು ಊದಿ, ನಾಲ್ಕು ಮೂಲೆಗೂ ಬೈಬಲ್ ವಚನ ಬರೆದ ಗೂಟ ಹೊಡೆದು, ಎಣ್ಣೆ ಸುರಿದು, ಈ ನೆಲ ಇಂದಿನಿಂದ ಕರ್ತನದು ಎಂದು ಘೋಷಿಸುತ್ತಾರೆ. ಬಸ್ ನಿಲ್ದಾಣಕ್ಕೆ ಮಾಡಿದರು. ಬಸ್ಸುಗಳು ಮೊದಲಿನಷ್ಟೇ ತಡವಾಗಿ ಬರುತ್ತಿವೆ. ಟಾಕೀಸಿಗೆ ಮಾಡಿದರು, ಅದು ಮೊದಲೇ ಬಾಗಿಲು ಹಾಕಿತ್ತು. ನಾನು ನಕ್ಕು ಸುಮ್ಮನಿದ್ದೆ. ನಗಬಾರದಿತ್ತು.

ಈ ಗುಂಪಿನಲ್ಲಿ ದರ್ಶನ ಕಾಣುವವಳು ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸು. ಎಲ್ಲರಿಗೂ ಪಾರ್ಲರ್ ಸಿಸ್ಟರ್. ಅವಳಿಗೆ ಗೋಡೆಯಾಚೆಯ ಜಾಗದಲ್ಲಿ 'ಬಂಜೆತನದ ಬೇರು' ಕಂಡಿತಂತೆ. ಅದನ್ನು ಕಿತ್ತರೆ ಮುಚ್ಚಿದ ಗರ್ಭಗಳು ತೆರೆಯುತ್ತವೆ, ಸಭೆ ಚಿಗುರುತ್ತದೆ ಎಂದು ನುಡಿದಳಂತೆ. ಸರಿ, ಗುದ್ದಲಿ ಹಿಡಿದು ಹೊರಟರು. ಕಳೆ ಕಿತ್ತರು, ನೆಲ ಕೆದಕಿ ಸಮ ಮಾಡಿದರು. ಸಿಕ್ಕ ಕಲ್ಲುಗಳಲ್ಲಿ ಚೆನ್ನಾಗಿರುವ ಹನ್ನೆರಡನ್ನು ಆರಿಸಿ, ಬೈಬಲ್ ಕಥೆಯಲ್ಲಿ ದೇವಜನರು ಹೊಳೆ ದಾಟಿದಾಗ ಹನ್ನೆರಡು ಕಲ್ಲು ನಿಲ್ಲಿಸಿದ ಹಾಗೆ, ಚರ್ಚಿನ ಮುಂಬಾಗಿಲ ಪಕ್ಕ ಗುಡ್ಡೆ ಹಾಕಿದರು.

ಅವು ಅಲ್ಲಿ ತಾವಾಗಿ ಬಿದ್ದಿದ್ದ ಕಲ್ಲುಗಳಲ್ಲ. ಒಂದೊಂದರ ಕೆಳಗೂ ಒಂದೊಂದು ಕೂಸಿದೆ. ದೀಕ್ಷಾಸ್ನಾನ ಆಗುವ ಮೊದಲೇ ತೀರಿಕೊಂಡ ಮಕ್ಕಳಿಗೆ ಒಂದು ಕಾಲದಲ್ಲಿ ಗೋಡೆಯೊಳಗಿನ ಸಮಾಧಿ ಭೂಮಿಯಲ್ಲಿ ಜಾಗ ಕೊಡುತ್ತಿರಲಿಲ್ಲ. ಹೆಸರು ಬರೆಯುವಂತಿಲ್ಲ, ಶಿಲುಬೆ ನೆಡುವಂತಿಲ್ಲ. ಅಪ್ಪಂದಿರು ಗೋಡೆಯಾಚೆ ಹೂತು, ಗುರುತಿಗೊಂದು ಕಲ್ಲು ಇಟ್ಟು, ಹಿಂದೆ ನೋಡದೆ ಬರುತ್ತಿದ್ದರು.

ಚರಂಡಿಗೆ, ಬೀದಿದೀಪಕ್ಕೆ, ಸೋರುವ ಗ್ರಂಥಾಲಯಕ್ಕೆ ಅರ್ಜಿ ಬರೆದು ಬರೆದು 'ಅರ್ಜಿ ಟೀಚರ್' ಎಂದು ಹೆಸರು ಪಡೆದವಳು ನಾನು. ಇತಿಹಾಸ ಕಲಿಸಿದವಳಿಗೆ ನಿವೃತ್ತಿ ಎಲ್ಲಿಯದು? ಇದಕ್ಕೂ ಬರೆಯುತ್ತೇನೆ.

ಗುಡ್ಡೆಯ ತುದಿಯಲ್ಲಿ ಇಟ್ಟಿರುವುದು ಒಂದು ಸಾಣೆಕಲ್ಲು. ಉಳಿ ಮಸೆದು ಮಸೆದು ನಡುವೆ ದೋಣಿಯಂತೆ ಸವೆದಿದೆ. ಅದು ನಮ್ಮ ಯಜಮಾನರದು.

ಫೆಬ್ರವರಿ 25, ಮಂಗಳವಾರ

ನಿನ್ನೆ ಆ ಕೊನೆಯ ಸಾಲು ಬರೆದು ಪುಸ್ತಕ ಮುಚ್ಚಿಬಿಟ್ಟೆ. ಯಾರೂ ಓದದ ಪುಸ್ತಕದಲ್ಲೂ ಎಂಥ ಸಂಕೋಚ!

ಯಜಮಾನರು ಬಡಗಿಯಾಗಿದ್ದರು. ಈಗ ಅವರಿಲ್ಲ. ಮೂವತ್ತಾರು ವರ್ಷದ ಹಿಂದೆ, ಆಗಸ್ಟ್ ಹದಿನೇಳರಂದು ನಮಗೊಬ್ಬ ಮಗ ಹುಟ್ಟಿದ. ಅಳಲಿಲ್ಲ. ಗುರುತಿಗೆ ಯಾವ ಕಲ್ಲು ಸಿಕ್ಕರೂ ಆಗುತ್ತಿತ್ತು; ಅವರು ತಮ್ಮ ಸಾಣೆಕಲ್ಲನ್ನೇ ಒಯ್ದರು. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಅವಳಿಗೆ ಹೇಳಿಲ್ಲ. ಚಿಕ್ಕವಳು ಅಂತ ಹೇಳಲಿಲ್ಲ. ಪರೀಕ್ಷೆ ಅಂತ ಹೇಳಲಿಲ್ಲ. ಮದುವೆ ಅಂತ ಹೇಳಲಿಲ್ಲ. ಆಮೇಲೆ ಅವಳಿಗೇ ಎರಡು ಸಲ ಗರ್ಭ ನಿಲ್ಲದೆ ಹೋದಾಗ, ಇನ್ನು ಹೇಳುವುದುಂಟೇ?

ಮಗ ಹೋದ ದಿನದಿಂದ ಚರ್ಚಿಗೆ ಹೋಗುವುದನ್ನು ನಾನು ಬಿಟ್ಟಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಕಣ್ಣು ಮುಚ್ಚಿರುವಾಗ ತೆರೆದವಳಿಗೆ ಬಹಳ ಕಾಣುತ್ತದೆ: ಯಾರು ಆಕಳಿಸುತ್ತಾರೆ, ಯಾರು ಮೊಬೈಲು ನೋಡುತ್ತಾರೆ.

ಆ ಗೋಡೆಯನ್ನು ನಡುವೆ ಒಮ್ಮೆ ಹೊಸದಾಗಿ ಕಟ್ಟಿದರು, ಪಕ್ಕದ ಮರವೂ ಹೋಯಿತು. ಕಲ್ಲೊಂದೇ ಗುರುತು. ಕಲ್ಲಿದ್ದ ಕಡೆ ಅವನಿದ್ದ. ಈಗ ಎಲ್ಲಿ ಅಂತ ನಿಲ್ಲಲಿ?

ಅರ್ಜಿಯಲ್ಲಿ ಇದೆಲ್ಲ ಬೇಡ. ಅರ್ಜಿ ಸಾರ್ವಜನಿಕ ವಿಷಯ.

ಫೆಬ್ರವರಿ 26, ಬುಧವಾರ

ಪಾಸ್ಟರ್ ಕೋಣೆಗೆ ಹೋಗಿದ್ದೆ. ಹೊಸ ಬಣ್ಣ, ಹೊಸ ಫ್ಯಾನು, ಅದೇ ಹಳೆಯ ಕೈಕುರ್ಚಿ. ಪಾಸ್ಟರ್ ನನ್ನ ಶಿಷ್ಯರಿಗಿಂತ ಚಿಕ್ಕವರು. ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳ ಸುಲಭ.

"ಬನ್ನಿ ಟೀಚರ್, ಕೂತ್ಕೊಳ್ಳಿ. ಇವತ್ತು ಯಾವ ಚರಂಡಿ?" ಎಂದು ನಕ್ಕರು.

ಹೇಳಿದೆ. ನಗು ನಿಂತಿತು. ಎದ್ದು ಹೋಗಿ ಹಳೆಯ ಮರಣ ದಾಖಲೆಗಳನ್ನು ಅವರೇ ತಿರುವಿದರು. "ಅಲ್ಲಿ ಸಮಾಧಿ ಇದೆ ಅಂತ ಎಲ್ಲೂ ಬರೆದಿಲ್ವಲ್ಲ ಟೀಚರ್."

"ಬರೆಯೋದಕ್ಕೇ ಬಿಡ್ಲಿಲ್ಲ. ಬರೆಯದೆ ಇಟ್ಟೋರೂ ನೀವೇ, ಬರೆದಿಲ್ಲ ಅಂತ ಕೇಳೋರೂ ನೀವೇನಾ?"

"ಆಗ ನಾನು ಹುಟ್ಟೇ ಇರ್ಲಿಲ್ಲ."

"ನೀವು ಹುಟ್ಟಿರ್ಲಿಲ್ಲ. ಈ ಕುರ್ಚಿ ಹುಟ್ಟಿತ್ತು."

ಅವರು ಕುರ್ಚಿಯ ಕೈಗಳ ಮೇಲಿಂದ ತಮ್ಮ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. "ಯಾರ ಮಕ್ಕಳು ಅಂತ ಹೇಳಿ. ಆ ಮನೆಯವರನ್ನ ನಾನೇ ಹೋಗಿ ಕಾಣ್ತೀನಿ" ಎಂದರು.

ಮೂವತ್ತು ವರ್ಷ ಪಾಠ ಹೇಳಿದ ಬಾಯಿ. ತೆರೆಯಲಿಲ್ಲ.

ನಾನು ಸುಮ್ಮನಾದದ್ದನ್ನು ಅವರು ಬೇರೆ ರೀತಿ ತಿಳಿದರು. "ನೋಡಿ ಟೀಚರ್, ವಾಪಸ್ ಇಡೋಣ ಅಂದ್ರೆ ಯಾವುದನ್ನ ಎಲ್ಲಿ ಇಡೋದು? ಅದೂ ಅಲ್ದೆ, ಪ್ರಾರ್ಥನೆಗೆ ಉತ್ತರ ಬರ್ತಾ ಇದೆ. ನಿಮ್ಮ ಮನೇಲೇ ಸಾಕ್ಷಿ ಇದೆ."

"ನಮ್ಮ ಮನೇಲಾ?"

ಅವರ ಮುಖದ ಬಣ್ಣ ಬದಲಾಯಿತು. "ಅಯ್ಯೋ... ಮಗಳು ಇನ್ನೂ ಹೇಳಿಲ್ವಾ?"

ಅಜ್ಜಿಯಾಗುವ ಸುದ್ದಿಯನ್ನು ಪ್ರತಿವಾದಿಯ ಬಾಯಿಂದ ಕೇಳಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅರ್ಜಿಯನ್ನು ಚೀಲದಿಂದ ತೆಗೆಯದೆ ಮನೆಗೆ ತಂದೆ.

ಫೆಬ್ರವರಿ 27, ಗುರುವಾರ

ಮಗಳು ಲ್ಯಾಬಿನ ಕೆಲಸ ಮುಗಿಸಿ ನೇರ ಇಲ್ಲಿಗೆ ಬಂದಳು. ಊರಿನವರ ರಕ್ತವನ್ನೆಲ್ಲ ಪರೀಕ್ಷಿಸುವವಳು. ತನ್ನದನ್ನು ತಾನೇ ಮೂರು ಸಲ ಪರೀಕ್ಷೆ ಮಾಡಿ ನೋಡಿದಳಂತೆ. ಚಪ್ಪಲಿ ಬಿಡುವ ಮೊದಲೇ ಅತ್ತಳು.

"ಸಿಟ್ಟಾಗ್ಬೇಡ ಅಮ್ಮಾ. ಎರಡು ಸಲ ನಿನಗೇ ಮೊದಲು ಹೇಳಿದ್ದೆ. ಎರಡು ಸಲಾನೂ ಹೋಯ್ತು. ಅದಕ್ಕೇ ಈ ಸಲ..."

"ಅದಕ್ಕೆ ಈ ಸಲ ಪಾರ್ಲರಿಗೆ ಹೇಳಿದ್ಯಾ?"

"ಅವರು ಜನವರಿಯಿಂದ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ದಾರೆ ಅಮ್ಮಾ. ತಮಾಷೆ ಮಾಡ್ಬೇಡ."

ತಮಾಷೆ ಮಾಡಲಿಲ್ಲ. ಗರ್ಭ ನಿಂತದ್ದು ಕಲ್ಲು ಕೀಳುವುದಕ್ಕೆ ಎಷ್ಟೋ ಮುಂಚೆ, ಇಷ್ಟು ಲೆಕ್ಕ ಲ್ಯಾಬಿನವಳಿಗೆ ಬರುವುದಿಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವಳು ತಾನಾಗಿ ಹೇಳಿದ್ದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ. ಗುಡ್ಡೆಯ ತುದಿಯ ಕಲ್ಲನ್ನು ಹೊತ್ತವಳು ಅವಳೇ. ಹೊಟ್ಟೆಗೆ ಒತ್ತಿಕೊಂಡು ಹೊರು ಎಂದಳಂತೆ ಪಾರ್ಲರ್ ಸಿಸ್ಟರ್. "ಎಷ್ಟು ನುಣುಪಾಗಿತ್ತು ಗೊತ್ತಾ ಅಮ್ಮಾ! ತಣ್ಣಗಿತ್ತು. ಕೆಳಗಿಡೋಕೇ ಮನಸ್ಸು ಬರ್ಲಿಲ್ಲ. ಅದರ ಗುಳಿಯಲ್ಲಿ ಎಣ್ಣೆ ಎಷ್ಟು ಚೆನ್ನಾಗಿ ನಿಲ್ಲತ್ತೆ!"

ಎಣ್ಣೆ ನಿಲ್ಲದೆ ಇರುತ್ತದೆಯೇ? ಉಳಿ ಮಸೆಯುವಾಗ ಇಪ್ಪತ್ತು ವರ್ಷ ಎಣ್ಣೆ ಕುಡಿದ ಕಲ್ಲು ಅದು.

"ಅದರ ಮೇಲೆ ಅರ್ಜಿ ಗಿರ್ಜಿ ಬರೀಬೇಡ ಅಮ್ಮಾ. ಕಲ್ಲು ಅಲ್ಲಿರೋವರೆಗೆ ನನಗೆ ಧೈರ್ಯ. ಅಲುಗಾಡಿಸಿದ್ರೆ ಏನಾದ್ರೂ ಆಗುತ್ತೆ ಅಂತ ಭಯ."

ಆಯ್ತು ಎಂದೆ. ಈ ಬಾಯಿ 'ಆಯ್ತು' ಎಂದದ್ದನ್ನು ಊರಿನವರು ಕೇಳಿದ್ದರೆ ನಂಬುತ್ತಿರಲಿಲ್ಲ.

ಮಾರ್ಚ್ 2, ಭಾನುವಾರ

ಕೊನೆಯ ಬೆಂಚಿನಲ್ಲಿ ಕೂತೆ. ಪಾಸ್ಟರ್ ಹೊಳೆ ದಾಟಿದ ಕಥೆಯನ್ನೇ ಓದಿದರು. ಮುಂದೆ ಮಕ್ಕಳು ಈ ಕಲ್ಲುಗಳೇನು ಎಂದು ಕೇಳಿದರೆ ಹಿರಿಯರು ಉತ್ತರ ಹೇಳಬೇಕಂತೆ. ಚೆನ್ನಾಗಿ ಓದಿದರು. ಓದಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಓದಿದವರೂ ಸೇರಿ.

ಮಗಳು ಎದ್ದು, ಪ್ರಾರ್ಥನೆಯಿಂದ ಗರ್ಭ ನಿಂತಿತೆಂದು ಸಾಕ್ಷಿ ಹೇಳಿದಳು. ಎಲ್ಲರೂ ಕೈ ತಟ್ಟಿದರು. ಪ್ರಾರ್ಥನೆಯಲ್ಲಿ ಎಂದಿನಂತೆ ಕಣ್ಣು ತೆರೆದೇ ಇದ್ದೆ. ಅಷ್ಟು ಜನರ ನಡುವೆ ಇನ್ನೊಬ್ಬರು ಕಣ್ಣು ತೆರೆದು ಕೂತಿದ್ದರು: ಸಭೆಯ ಹಿರಿಯ, ಗಡಿಯಾರದಣ್ಣ. ನನ್ನನ್ನು ಕಂಡು ಕೂಡಲೇ ಮುಚ್ಚಿಕೊಂಡರು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಗುಡ್ಡೆ ಪರಿಶೀಲಿಸಲು ಹೋಗಿದ್ದೆ. ಗಾಳಿಗೆ ತುದಿಯ ಕಲ್ಲು ಜಾರಬಹುದು, ಯಾರ ಕಾಲಿನ ಮೇಲಾದರೂ ಬಿದ್ದೀತು; ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ. ಜಾರಿಲ್ಲ. ಗುಳಿಯಲ್ಲಿ ಇರುವೆ ಬಿದ್ದಿದ್ದವು. ಸೆರಗಿನಿಂದ ಒರೆಸಿ ಬಂದೆ.

ಮಾರ್ಚ್ 8, ಶನಿವಾರ

ಗಡಿಯಾರದಣ್ಣನ ಅಂಗಡಿಗೆ ಹೋದೆ. ಒಬ್ಬರೇ ಕೂರುವಷ್ಟು ಜಾಗ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ತಲೆ ಎತ್ತದೆ ಹೇಳಿದರು: "ಟೀಚರಮ್ಮ, ನಿಂತ ಗಡಿಯಾರಕ್ಕೆ ಕೀ ಕೊಡೋಕೆ ಬಂದಿದ್ದೀರಿ. ಗೊತ್ತಾಯ್ತು."

"ಕಲ್ಲು ಕಿತ್ತ ದಿನ ನೀವೂ ಅಲ್ಲಿದ್ರಿ. ನಮ್ಮ ಯಜಮಾನರ ಸಾಣೆಕಲ್ಲಿನ ಗುರುತು ಸಿಗ್ಲಿಲ್ವಾ?"

"ಸಿಕ್ತು."

"ಮತ್ತೆ?"

ಅವರು ಮಸೂರ ತೆಗೆದರು. ಆ ಕಣ್ಣಿನ ಸುತ್ತ ಉಂಗುರದಂತೆ ಗುರುತು. "ನಾನು ನೋಡೋ ಹೊತ್ತಿಗೆ ಅದು ನಿಮ್ಮ ಮಗಳ ಕೈಲಿತ್ತು. ಹೊಟ್ಟೆಗವಚಿಕೊಂಡು ನಗ್ತಾ ಇದ್ಳು. ಏನಂತ ಹೇಳ್ಲಿ? ಹೆತ್ತ ತಾಯಿ ಹೇಳದ್ದನ್ನ ಗಡಿಯಾರದೋನು ಹೇಳ್ಲಾ?"

ನನಗೆ ಮೈ ಉರಿಯಿತು. ಬಾಯಿಗೆ ಬೀಗ ತಾನೇ ಹಾಕಿಕೊಂಡು ಕೀಲಿಕೈ ನನಗೆ ಕೊಡುತ್ತಾನಲ್ಲ ಈ ಮನುಷ್ಯ! "ನನ್ನ ಮಗ ಹೋದಾಗಲೂ ಸುಮ್ಮನಿದ್ರಿ. ಕಮಿಟಿಯಲ್ಲಿ ಇದ್ರಿ, ಆಗಿನ ಪಾಸ್ಟರ್ ಮುಖ ನೋಡ್ಕೊಂಡು ಸುಮ್ಮನಿದ್ರಿ."

"ಸುಮ್ಮನಿರ್ಲಿಲ್ಲ" ಎಂದರು. "ಪಾಸ್ಟರ್ ಬರಲ್ಲ ಅಂದ್ಮೇಲೆ ನಿಮ್ಮ ಯಜಮಾನರ ಜೊತೆ ಹೋದೋನು ನಾನೊಬ್ನೇ. ನೀವು ಆಸ್ಪತ್ರೆಯಲ್ಲಿದ್ರಿ. ಹಾರೆ ನಾನು ಹಿಡಿದಿದ್ದೆ. ಮುಗಿದ ಮೇಲೆ ಪ್ರಾರ್ಥನೇನೂ ಹೇಳಿದೆ. ಮೆಲ್ಲಗೆ. ಗೋಡೆಯೊಳಗೆ ಕೇಳಿಸದ ಹಾಗೆ."

ಇದು ನನಗೆ ಗೊತ್ತಿರಲಿಲ್ಲ. ಯಜಮಾನರು ಹೇಳಿರಲಿಲ್ಲ. ಹೇಳದಿರುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ.

"ಎಲ್ಲಿ ಅಂತ ನೆನಪಿದೆಯಾ?"

"ಮೂಲೆ ಕಡೆ. ಅಷ್ಟೇ. ಕಲ್ಲಿದೆಯಲ್ಲ ಅಂತ ನೆನಪಿಟ್ಕೊಳ್ಲಿಲ್ಲ ಟೀಚರಮ್ಮ."

ಬರುವಾಗ ದಾರಿಯಲ್ಲೇ ಇತ್ತು ಎಂದು ಗುಡ್ಡೆಯ ಕಡೆಗೆ ಹೋಗಿ ಒಂದು ಸುತ್ತು ಹಾಕಿ ಬಂದೆ. ಕಾಲಿಗೆ ನಡಿಗೆ ಒಳ್ಳೆಯದು ಎಂದು ಡಾಕ್ಟರೂ ಹೇಳಿದ್ದಾರೆ.

ಮಾರ್ಚ್ 11, ಮಂಗಳವಾರ

ಮಗಳಿಗೆ ರಕ್ತ ಕಂಡಿದೆ. ಆಸ್ಪತ್ರೆ. ಸ್ವಲ್ಪವೇ, ಹೆದರಬೇಡಿ, ಹಾಸಿಗೆ ಬಿಟ್ಟು ಏಳಬಾರದು ಎಂದರು. 'ಸ್ವಲ್ಪವೇ.' ಮೊದಲ ಎರಡು ಸಲವೂ ಇದೇ ಮಾತು.

ಕಾರಿಡಾರಿನ ಬೆಂಚಿನಲ್ಲಿ ಅಳಿಯನೂ ನಾನೂ ಕೂತಿದ್ದೆವು. ತುಟಿ ಯಾಕೆ ಅಲ್ಲಾಡುತ್ತಿದೆ ಅತ್ತೆ, ನೀರು ಬೇಕಾ ಎಂದ. ಬೇಡ ಎಂದೆ. ಒಣಗಿತ್ತು, ಅಷ್ಟೇ.

ಮಾರ್ಚ್ 13, ಗುರುವಾರ

ಮಗಳನ್ನು ನಮ್ಮ ಮನೆಗೆ ಕರೆತಂದಿದ್ದೇವೆ. ಮುಂದಿನ ಕೋಣೆಯಲ್ಲಿ ಮಲಗಿಸಿದ್ದೇನೆ. ಕಾಲಿನ ಕೆಳಗೆ ಎರಡು ದಿಂಬು. ಅವಳು ಬಚ್ಚಲಿನಿಂದ ಬರುವಾಗೆಲ್ಲ ಮುಖ ನೋಡುತ್ತೇನೆ. ಅವಳು ತಲೆ ಅಲ್ಲಾಡಿಸುತ್ತಾಳೆ, ಏನಿಲ್ಲ ಎಂದು. ನಮ್ಮಿಬ್ಬರ ಮಾತು ಈಗ ಅಷ್ಟೇ.

ಸಂಜೆ ಗುಂಪಿನವರು ಬಂದು ಮನೆಯ ಸುತ್ತ ನಡೆಯಲು ಶುರುಮಾಡಿದರು. ನಮ್ಮ ಮನೆಗೆ ಒಂದು ಬದಿಯಲ್ಲಿ ಸಂದಿಯೇ ಇಲ್ಲ, ಪಕ್ಕದ ಮನೆಗೆ ಅಂಟಿಕೊಂಡಿದೆ. ಹಾಗಾಗಿ ಆ ಮನೆಯನ್ನೂ ಸೇರಿಸಿ ಸುತ್ತಬೇಕಾಯಿತು. ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುವ ಅಳಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. "ಅತ್ತೆ, ನಾಲ್ಕನೇ ಸುತ್ತಿಗೆ ಅವರ ಒಣಗಿಹಾಕಿದ ಬೆಡ್‌ಶೀಟ್ ಅಡ್ಡ ಬಂತು. ಕೊಂಬಿನವರು ಒಳಗೆ ಸಿಕ್ಕಾಕ್ಕೊಂಡ್ರು. ನನ್ನ ಶಿಷ್ಯರಾಗಿದ್ರೆ ಫೇಲು." ಮಗಳು ಮಲಗಿದ್ದಲ್ಲೇ ನಕ್ಕಳು, ನಕ್ಕರೆ ಏನಾದರೂ ಆದೀತು ಎಂದು ಹೊಟ್ಟೆ ಹಿಡಿದುಕೊಂಡು ತಟ್ಟನೆ ನಿಲ್ಲಿಸಿದಳು.

ಪಾರ್ಲರ್ ಸಿಸ್ಟರ್ ನೀರು ಕೇಳಿಕೊಂಡು ಅಡುಗೆಮನೆಗೆ ಬಂದಳು. ಹತ್ತಿರದಿಂದ ನೋಡಿದರೆ ಆಯಾಸದ ಮುಖ, ಕೈ ತುಂಬ ಬಣ್ಣದ ಕಲೆ.

"ಆಂಟಿ, ಬೇಜಾರು ಮಾಡ್ಕೋಬೇಡಿ. ಆ ನೆಲದ ಬಿಡುಗಡೆಗೆ ವಿರುದ್ಧವಾಗಿ ಈ ಮನೆಯಲ್ಲಿ ಒಂದು ಬಾಯಿ ಇದೆ ಅಂತ ಕರ್ತನು ನನಗೆ ತೋರಿಸಿಕೊಟ್ಟಿದ್ದಾನೆ."

"ತೋರಿಸಿಕೊಡೋದೇನು ಬಂತು? ನಿಮ್ಮ ಎದುರಿಗೇ ಇದೆಯಲ್ಲ, ಹಲ್ಲು ಸಮೇತ."

ಅವಳು ನಗಲಿಲ್ಲ. "ಆಂಟಿ, ನಾನು ಸುಳ್ಳು ಹೇಳೋಳಲ್ಲ. ಡಿಸೆಂಬರಿನಲ್ಲಿ ಆ ಗೋಡೆ ಹತ್ರ ಒಬ್ಬಳೇ ನಿಂತಿದ್ದೆ. ಮಣ್ಣೊಳಗಿಂದ ಮಕ್ಕಳ ಅಳು ಕೇಳಿಸ್ತು. ಒಂದಲ್ಲ, ಬಹಳ. ಎದೆಯಲ್ಲಿ ಹಾಲು ಇಳಿದ ಹಾಗಾಯ್ತು. ಹುಟ್ಟಬೇಕಾದ ಮಕ್ಕಳನ್ನ ಈ ನೆಲ ಹಿಡಿದಿಟ್ಟಿದೆ, ಬಿಡಿಸಬೇಕು ಅಂತ ನನಗೆ ಅರ್ಥ ಆಯ್ತು."

ಬಹಳ ವರ್ಷ ತರಗತಿಯಲ್ಲಿ ತಪ್ಪು ಉತ್ತರ ಕೇಳಿದವಳು ನಾನು. ಇದು ತಪ್ಪು ಉತ್ತರವಲ್ಲ.

"ಹುಟ್ಟಬೇಕಾದೋರಲ್ಲ" ಎಂದೆ. "ಹುಟ್ಟಿದೋರು. ನೀನು ಕೇಳಿದ್ದು ಬೇರೆ ಯಾರದೋ ಅಳು ಇರಬೇಕಮ್ಮ. ನನ್ನ ಮಗ ಅಳಲೇ ಇಲ್ಲ."

ಅವಳು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು. ಪಿಸುಗುಟ್ಟಿದಳು: "ಯಾವ ಕಲ್ಲು, ಆಂಟಿ?"

"ಎಣ್ಣೆ ಸುರೀತೀರಲ್ಲ. ಅದು."

ಏಳನೆಯ ಸುತ್ತು ಮುಗಿಸದೆ ಹೋದರು. ಮಗಳಿಗೆ ಅದೇ ದಿಗಿಲು. ಯಾಕಮ್ಮಾ ನಿಲ್ಲಿಸಿದ್ರು, ಏನಂದೆ ಅವರಿಗೆ, ಏನಂದೆ?

ಮಾರ್ಚ್ 14, ಶುಕ್ರವಾರ

ಮಗಳು ಮಾತಾಡುತ್ತಿಲ್ಲ. ಬೆಳಿಗ್ಗೆ ಯಜಮಾನರ ಪೆಟ್ಟಿಗೆಯಿಂದ ಎಣ್ಣೆ ಬುಡ್ಡಿ ತೆಗೆದುಕೊಂಡು ಹೋಗಿ ನಾಲ್ಕು ತೊಟ್ಟು ಹಾಕಿ ಬಂದೆ. ಗುಂಪಿನವರು ಸುರಿಯುವ ಎಣ್ಣೆಯಲ್ಲ, ಉಪಕರಣದ ಎಣ್ಣೆ. ಸಾಣೆಕಲ್ಲು ಒಣಗಲು ಬಿಡಬಾರದು. ಅವನಿಗೆ ಬಿಸಿಲು ನೇರ ಬೀಳುತ್ತದೆ ಅಲ್ಲಿ.

ಮಾರ್ಚ್ 16, ಭಾನುವಾರ

ಎಲ್ಲಿಂದ ಶುರುಮಾಡಲಿ?

ಬೆಳಿಗ್ಗೆ ನಾನು 'ನಡಿಗೆ'ಗೆಂದು ಹೋಗಿದ್ದೆ. ಗುಡ್ಡೆಯ ತುದಿ ಖಾಲಿಯಾಗಿತ್ತು. ಮರಳಿ ಬಂದು ಗೇಟು ತೆರೆಯುವ ಹೊತ್ತಿಗೆ ಮನೆಯೊಳಗಿಂದ ಮಗಳ ಕೂಗು. ಓಡಿದೆ, ಯಾವ ಪ್ರಾಯದಲ್ಲೂ ಹಾಗೆ ಓಡಿರಲಿಲ್ಲ. ಅವಳು ಹಾಸಿಗೆ ಬಿಟ್ಟೆದ್ದು ಹೊಸ್ತಿಲ ಬಳಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಪಾರ್ಲರಿನ ಗುಲಾಬಿ ಬಣ್ಣದ ಟವೆಲ್ ಬಿಚ್ಚಿಕೊಂಡಿತ್ತು, ಅದರಲ್ಲಿ ಸಾಣೆಕಲ್ಲು. ತೊಳೆದು ಒರೆಸಿ ಇಟ್ಟಿದ್ದರು. ಬಾಗಿಲು ಬಡಿದು, 'ಇದು ಆಂಟಿಯದು' ಎಂದಷ್ಟೇ ಹೇಳಿ ಆ ಪುಣ್ಯಾತ್ಗಿತ್ತಿ ಹೊರಟುಹೋಗಿದ್ದಾಳೆ. ಒಳ್ಳೆಯದು ಮಾಡುವಾಗಲೂ ಕೇಳಿ ಮಾಡುವ ಅಭ್ಯಾಸ ಈ ಗುಂಪಿಗಿಲ್ಲ.

"ಯಾರು ಇಳಿಸಿದ್ದು? ನೀನಾ ಅಮ್ಮಾ? ನೀನು ಹೇಳಿ ಇಳಿಸಿದ್ಯಾ? ಈ ಮಗೂನೂ ಹೋಗ್ಲಿ ಅಂತಾನಾ?"

ಆ ಮಾತನ್ನು ಅವಳು ಭಯದಲ್ಲಿ ಆಡಿದಳು. ನಾನು ಕೇಳಿಸಿಕೊಂಡೆ, ಅಷ್ಟೇ. ಎತ್ತಿ ಮಲಗಿಸಿದೆ, ಕಾಲಿಗೆ ದಿಂಬು ಇಟ್ಟೆ. ರಕ್ತ ಇರಲಿಲ್ಲ. ಇಬ್ಬರೂ ನೋಡಿದೆವು. ಇರಲಿಲ್ಲ.

"ಅಮ್ಮಾ, ಈ ಕಲ್ಲು ಏನು?"

ಅವಳು ಕೇಳಿದ್ದು ಹಾಗೆಯೇ. ಹಿರಿಯರು ಉತ್ತರ ಹೇಳಬೇಕು. ಹಿರಿಯಳು ಎಂದು ಆ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ.

ಹೇಳಿದೆ. ಆಗಸ್ಟ್ ಹದಿನೇಳು. ಅಪ್ಪನ ಸಾಣೆಕಲ್ಲು. ಗೋಡೆ. ಬರದ ಪಾಸ್ಟರ್. ಹಾರೆ ಹಿಡಿದ ಗಡಿಯಾರದಣ್ಣ. ಪಾಠದ ಹಾಗೆ ಹೇಳಿದೆನೇನೋ, ಇನ್ನು ಹೇಗೆ ಹೇಳುವುದು ಗೊತ್ತಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಹಿಂದೆ ಸಿಟ್ಟು ಬಂದಾಗಲೂ ಹಾಗೆಯೇ ಮಲಗುತ್ತಿದ್ದಳು.

ಗೋಡೆಯನ್ನೇ ನೋಡುತ್ತಾ ಕೇಳಿದಳು: "ಅಪ್ಪ ದಿನಾ ಬೆಳಿಗ್ಗೆ ವಾಕಿಂಗ್ ಅಂತ ಹೋಗ್ತಿದ್ರಲ್ಲ. ಅಲ್ಲಿಗಾ?"

"ಅಲ್ಲಿಗೆ."

"ನೀನೂ ಈಗ ಹೋಗ್ತಿರೋದು ಅಲ್ಲಿಗೇನಾ?"

"ನಾನು ಕಾಲಿಗೆ ವ್ಯಾಯಾಮ..." ಎಂದೆ.

ಅವಳು ತಿರುಗಿ ನನ್ನ ಸೆರಗಿನ ತುದಿ ನೋಡಿದಳು. ಎಣ್ಣೆ ಕಲೆ. ಆಮೇಲೆ ಅತ್ತಳು, ಬಾಯಿಗೆ ದಿಂಬು ಒತ್ತಿಕೊಂಡು. "ನಮ್ಮಣ್ಣನ್ನ ಹೊಟ್ಟೆಗೆ ಒತ್ಕೊಂಡು ಹೊತ್ಕೊಂಡು ಬಂದೆ ಅಮ್ಮಾ. ಅವನ ಜಾಗದಿಂದ ನಾನೇ ಕಿತ್ತೆ. ಹಾಡು ಹೇಳ್ತಾ ಕಿತ್ತೆ."

"ಗೊತ್ತಿದ್ದು ಕಿತ್ತಿದ್ದಲ್ಲ."

"ಗೊತ್ತಿಲ್ಲದ ಹಾಗೆ ಮಾಡಿದ್ದು ಯಾರು?"

ಇದಕ್ಕೆ ನನ್ನಲ್ಲಿ ಅರ್ಜಿಯಿರಲಿಲ್ಲ. ಅವಳೇ ಕೈ ಹಿಡಿದಳು.

"ಹೆಸರು?"

"ದೀಕ್ಷಾಸ್ನಾನ ಇಲ್ಲದೆ ಹೆಸರಿಲ್ಲ ಅಂದ್ರು."

"ಅವರದ್ದು ಬಿಡು. ನೀವಿಬ್ರು ಏನಂತ ಕರೀತಿದ್ರಿ?"

ಮೂವತ್ತಾರು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದೆ. ಯಜಮಾನರು ನನ್ನ ಹೊಟ್ಟೆಗೆ ಬೆರಳಿನಿಂದ ಮೆಲ್ಲಗೆ ಬಡಿದು, ಕೆಲಸಕ್ಕೆ ಹೊತ್ತಾಯಿತು, ಏಳಪ್ಪ ಚಿಕ್ಕ ಮೇಸ್ತ್ರಿ, ಎನ್ನುತ್ತಿದ್ದರು.

"ಚಿಕ್ಕ ಮೇಸ್ತ್ರಿ" ಎಂದಳು ಮಗಳು. ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಇನ್ನೊಂದು ಸಲ ಅಂದಳು.

ಇವತ್ತು ಚರ್ಚಿಗೆ ಹೋಗಲಿಲ್ಲ.

ಮಾರ್ಚ್ 19, ಬುಧವಾರ

ಸ್ಕ್ಯಾನ್. ಎದೆಬಡಿತ ಇದೆ. ಇನ್ನೂ ಮೂರು ವಾರ ಏಳುವಂತಿಲ್ಲ, ಆಮೇಲೆ ನೋಡೋಣ ಎಂದರು. 'ನೋಡೋಣ' ಎಂಬುದು ಬಹಳ ಕ್ರೂರ ಪದ.

ಕಲ್ಲು ಮಗಳ ಮಂಚದ ಪಕ್ಕದಲ್ಲಿದೆ. ಒಂದು ವಿಷಯ ಅವಳೇ ಹೇಳಿದಳು: "ಇದನ್ನ ಮನೇಲಿಟ್ಕೊಂಡ್ರೆ ನಮ್ಮ ಒಬ್ಬನಿಗಾಯ್ತು. ಉಳಿದೋರಿಗೆ? ನೀನು ಕೇಳ್ಬೇಕು ಅಮ್ಮಾ. ಅರ್ಜಿಯಲ್ಲಲ್ಲ, ಬಾಯಲ್ಲಿ."

ಮಾರ್ಚ್ 23, ಭಾನುವಾರ

ಅಳಿಯ ಕಲಿಯುವವರ ಬೋರ್ಡಿನ ಕಾರಿನಲ್ಲಿ ಕರೆದೊಯ್ದ. ಕಲ್ಲು ಮಡಿಲಲ್ಲಿತ್ತು. "ಗುಂಡಿ ಬಂದ್ರೆ ಮೊದಲೇ ಹೇಳ್ತೀನಿ ಅತ್ತೆ, ಭಾವನ್ನ ಗಟ್ಟಿ ಹಿಡ್ಕೊಳ್ಳಿ" ಎಂದ. ಅವನ ತಮಾಷೆಗೆ ಜೀವನದಲ್ಲಿ ಮೊದಲ ಸಲ ಅಳು ಬಂತು.

ಈ ಸಲ ಮುಂದಿನ ಬೆಂಚು. ಪ್ರಾರ್ಥನೆಗೆ ಮೊದಲು ಎದ್ದು ನಿಂತೆ. ಪ್ರಾರ್ಥನೆ ಒಂದು ಮುಗೀಲಿ ಟೀಚರ್ ಎಂದರು ಪಾಸ್ಟರ್. ಮುಗಿಯಲಿ ಎಂದು ನಿಂತೇ ಇದ್ದೆ. ಬಹಳ ಬೇಗ ಮುಗಿಯಿತು. ಕಣ್ಣು ತೆರೆದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಕಲ್ಲನ್ನು ಮೇಜಿನ ಮೇಲಿಟ್ಟೆ. ಇದು ನನ್ನ ಮಗನದು ಎಂದೆ. ಪಾಸ್ಟರ್ ಬಳಿಗೆ ಬಂದು ಮೆಲ್ಲಗೆ, "ಟೀಚರ್, ದಯವಿಟ್ಟು. ಕಮಿಟಿಯಲ್ಲಿ ಕೂತು ಮಾತಾಡೋಣ" ಎಂದರು.

ಆಗ ಹಿಂದಿನಿಂದ ಗಡಿಯಾರದಣ್ಣ ಎದ್ದರು. "ಕಮಿಟಿಯಲ್ಲೇ ಕೂತು ಮಾತಾಡಿ ಆ ಮಕ್ಕಳನ್ನ ಆಚೆ ಹಾಕಿದ್ದು. ನಾನಿದ್ದೆ. ಟೀಚರಮ್ಮ, ನೀವು ಹೇಳಿ." ಇನ್ನೊಂದು ಬದಿಯಲ್ಲಿ ಪಾರ್ಲರ್ ಸಿಸ್ಟರ್ ನಿಂತುಬಿಟ್ಟಿದ್ದಳು, ಬಾಯಿಗೆ ಸೆರಗು ಹಿಡಿದುಕೊಂಡು. ಅವಳ ಹಿಂದೆ ಒಬ್ಬ ಮುದುಕಿ. ಅವಳು ಯಾಕೆ ನಿಂತಳು ಎಂದು ನನಗೆ ಮಾತ್ರ ಅರ್ಥವಾಯಿತು. ಅವಳ ಕಣ್ಣು ಬಾಗಿಲಾಚೆಯ ಗುಡ್ಡೆಯ ಮೇಲಿತ್ತು.

ಅಲ್ಲಿ ಆಡಿದ್ದನ್ನು ಆಡಿದ ಹಾಗೆಯೇ ಬರೆದಿಡುತ್ತೇನೆ. ನಾಳೆ ಯಾರೂ ತಿರುಚಬಾರದು.

ನೆಲ ಬಿಡಿಸುತ್ತೇವೆ ಎಂದು ಹೊರಟಿರಿ. ಬಿಡಿಸಬೇಕಾದದ್ದು ಆ ನೆಲವನ್ನಲ್ಲ, ನಡುವಿನ ಗೋಡೆಯನ್ನು. ಅಲ್ಲಿ ಮಕ್ಕಳು ಅಳುವುದು ನಿಮ್ಮಲ್ಲಿ ಒಬ್ಬಳಿಗೆ ಕೇಳಿಸಿತು, ಕೇಳಿಸಿದ್ದು ನಿಜ. ಯಾಕೆ ಅಳುತ್ತಿವೆ ಎಂದು ಯಾರೂ ಕೇಳಲಿಲ್ಲ, ಗೂಟ ಹೊಡೆದಿರಿ. ಮಕ್ಕಳು ಕೇಳಿದರೆ ಈ ಕಲ್ಲುಗಳ ಅರ್ಥ ಹೇಳಬೇಕೆಂದು ಈ ಪೀಠದಿಂದಲೇ ಓದಿದಿರಿ. ನನ್ನ ಮಗಳು ಕೇಳಿದ್ದಾಳೆ. ನನ್ನ ಪಾಲಿನ ಉತ್ತರವನ್ನು, ತಡವಾಗಿಯಾದರೂ, ನಾನು ಕೊಟ್ಟಿದ್ದೇನೆ. ಉಳಿದ ಹನ್ನೊಂದು ಯಾರವು? ಹೂತಿಟ್ಟು ಕಲ್ಲೂ ಇಡದವರು ಎಷ್ಟು ಜನ? ಯಾರ ಹೆಸರು ಹೇಳಿಕೊಂಡು ಅವರನ್ನು ಗೋಡೆಯಾಚೆ ಹಾಕಿದಿರಿ? ಉತ್ತರ ಕಮಿಟಿಯ ಕೋಣೆಯಲ್ಲಿ ಬೇಡ, ನನ್ನ ಮನೆಗೆ ಕಳಿಸುವ ಕಾಗದದಲ್ಲಿ ಬೇಡ. ಬರುವ ಭಾನುವಾರ, ಇದೇ ಪೀಠದಿಂದ, ಇಷ್ಟೂ ಜನರೆದುರು ಹೇಳಿ. ಚಿಕ್ಕ ಮೇಸ್ತ್ರಿಯಿಂದ ಶುರುಮಾಡಿ. ಗೋಡೆಯಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ.